ಎರಡು ಸಲ ಹಾದುಹೋಗುವ ಬಸ್ಸು

"ಹೆಸರು?" ಎಂದು ಕೇಳಿದರು ವೆರ್ನಾ ದೊಡ್ಡಮ್ಮ.

ಮಾರ್ನಿ ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಅವಳನ್ನು ಎತ್ತಿಕೊಂಡು ಓಡಾಡಿದವರು ಇದೇ ದೊಡ್ಡಮ್ಮ. ಹೋದ ಭಾನುವಾರ ಇಬ್ಬರೂ ಒಂದೇ ತಟ್ಟೆಯಲ್ಲಿ ಸೇಬಿನ ಪೈ ತಿಂದಿದ್ದರು.

"ದೊಡ್ಡಮ್ಮ, ನಾನು!"

"ಅದು ನನಗೆ ಗೊತ್ತು. ಈ ಪುಸ್ತಕಕ್ಕೆ ಗೊತ್ತಿಲ್ಲ. ಹೆಸರು?"

"ಮಾರ್ನಿ ಹಾಗನ್."

"ವಿಳಾಸ?"

"ಮೊನ್ನೆ ಬಂದಿದ್ರಲ್ಲ, ಅದೇ ಮನೆ."

ದೊಡ್ಡಮ್ಮ ಕನ್ನಡಕದ ಮೇಲಿನಿಂದ ನೋಡಿದರು.

"ನಾರ್ತ್ ರೋಡ್, ಹತ್ತೊಂಬತ್ತನೇ ಮೈಲಿ," ಎಂದಳು ಮಾರ್ನಿ.

"ನಿನಗೆ ಮೂರು ನಿಮಿಷ ಇದೆ. ಬೋರ್ಡು ಕೇಳಿಸ್ಕೊಳ್ಳುತ್ತೆ, ಉತ್ತರ ಕೊಡಲ್ಲ. ಅದು ರೂಲ್ಸು. ಹೂಂ, ಶುರು ಮಾಡು." ಅವರು ಅಡುಗೆಮನೆಯಿಂದ ತಂದಿದ್ದ ಟೈಮರ್ ತಿರುಗಿಸಿ ಮೇಜಿನ ಮೇಲಿಟ್ಟರು.

ಬ್ಯಾಜರ್ ಫ್ಲ್ಯಾಟ್ ಶಾಲಾ ಜಿಲ್ಲೆಯನ್ನು ನಡೆಸುವುದು ಐದು ಜನರ ಬೋರ್ಡು. ಅಮೆರಿಕದ ಮೊಂಟಾನಾ ರಾಜ್ಯದ ಆ ಬಯಲಿನಲ್ಲಿ ಜಿಲ್ಲೆ ನಲವತ್ತು ಮೈಲಿ ಉದ್ದ ಇತ್ತು. ಶಾಲೆ ಮಾತ್ರ ಒಂದೇ. ಕೆ.ಜಿ.ಯಿಂದ ಹನ್ನೆರಡನೇ ಕ್ಲಾಸಿನವರೆಗೆ ಒಟ್ಟು ಮೂವತ್ತೆಂಟು ಮಕ್ಕಳು.

ಪ್ರತಿ ತಿಂಗಳ ಎರಡನೇ ಮಂಗಳವಾರ ಸಂಜೆ ಬೋರ್ಡು ಶಾಲೆಯ ಲೈಬ್ರರಿಯಲ್ಲಿ ಸೇರುತ್ತಿತ್ತು. ಲೈಬ್ರರಿಯಲ್ಲಿದ್ದದ್ದು ಎರಡನೇ ಕ್ಲಾಸಿನವರ ಅಳತೆಯ ಕುರ್ಚಿಗಳು. ದನ ಸಾಕುವ, ಗೋಧಿ ಬೆಳೆಯುವ ದೊಡ್ಡ ದೊಡ್ಡ ಮನುಷ್ಯರು ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತು ಶಾಲೆ ನಡೆಸುತ್ತಿದ್ದರು. ಕುರ್ಚಿ ಬದಲಾಯಿಸುವ ವಿಷಯ ಹನ್ನೊಂದು ವರ್ಷದಿಂದ ಚರ್ಚೆಯಲ್ಲಿತ್ತು.

ವೆರ್ನಾ ದೊಡ್ಡಮ್ಮ ಆ ಬೋರ್ಡಿನ ಅಧ್ಯಕ್ಷೆ.

ಮಾರ್ನಿ ಕಾಗದ ಬಿಡಿಸಿದಳು. ಒಂದೇ ಉಸಿರಿನಲ್ಲಿ ಓದಿದಳು.

"ಹೋದ ವರ್ಷ ಬಸ್ಸು ನಮ್ಮ ಗೇಟಿಗೆ ಏಳು ಇಪ್ಪತ್ತಕ್ಕೆ ಬರ್ತಿತ್ತು. ಈ ವರ್ಷ ಆರು ಮೂವತ್ತೈದಕ್ಕೆ ಬರುತ್ತೆ. ನನ್ನನ್ನ ಹತ್ತಿಸಿಕೊಂಡು ಇನ್ನೂ ಮುಂದೆ ಹದಿನಾಲ್ಕು ಮೈಲಿ ಹೋಗುತ್ತೆ. ಅಲ್ಲಿ ಕ್ಲೈಡ್ ಕೆಸ್ಲರ್ ಹತ್ತುತ್ತಾನೆ. ಆಮೇಲೆ ಬಸ್ಸು ತಿರುಗಿಕೊಂಡು ಬಂದ ದಾರೀಲೇ ವಾಪಸ್ ಬರುತ್ತೆ. ಏಳು ಇಪ್ಪತ್ತಕ್ಕೆ ನಮ್ಮ ಗೇಟಿನ ಮುಂದೇನೇ ಹಾದುಹೋಗುತ್ತೆ. ನಾನು ಬಸ್ಸಲ್ಲಿ ಕೂತು ನಮ್ಮನೆ ನೋಡ್ತೀನಿ. ಬಸ್ಸು ಎರಡು ಸಲ ಬರುತ್ತೆ ಅಂದ್ಮೇಲೆ ನನ್ನನ್ನ ಎರಡನೇ ಸಲ ಹತ್ತಿಸಿಕೊಳ್ಳಬಹುದು. ಅದರಿಂದ ಯಾರಿಗೂ ತೊಂದರೆ ಇಲ್ಲ. ನನಗೆ ಮುಕ್ಕಾಲು ಗಂಟೆ ನಿದ್ದೆ ಸಿಗುತ್ತೆ. ಧನ್ಯವಾದ."

ಕೆಂಪು ಪೆನ್ಸಿಲಿನಲ್ಲಿ ಬರೆದ ನಕ್ಷೆಯನ್ನೂ ತೋರಿಸಿದಳು.

"ಮುಗೀತಾ?" ಎಂದರು ದೊಡ್ಡಮ್ಮ.

"ಮುಗೀತು."

"ಇನ್ನೂ ಒಂದೂಮುಕ್ಕಾಲು ನಿಮಿಷ ಇದೆ."

"ಹೇಳೋದೆಲ್ಲ ಹೇಳಿದೀನಿ."

"ಸರಿ. ಕಾಯೋಣ."

ಎಲ್ಲರೂ ಕಾದರು. ಟೈಮರ್ ಟಿಕ್ ಟಿಕ್ ಎನ್ನುತ್ತಿತ್ತು. ಬೋರ್ಡಿನ ಅತ್ಯಂತ ಹಿರಿಯ ಸದಸ್ಯ ಟಾಲೆಫ್ಸನ್ ತಾತ ಕಿಟಕಿಯತ್ತ ನೋಡಿದರು. ಕೊನೆಗೆ ಗಂಟೆ ಹೊಡೆಯಿತು. ವಿಷಯವನ್ನು ಮುಂದಿನ ತಿಂಗಳ ಸಭೆಗೆ ಇಡುವುದೆಂದು ಪುಸ್ತಕದಲ್ಲಿ ಬರೆದುಕೊಂಡರು.

ಮನೆಗೆ ಹೋಗುವಾಗ ಅಮ್ಮ ಪಿಕಪ್ ಓಡಿಸುತ್ತಿದ್ದಳು.

"ನಾನು ಹೇಗೆ ಮಾತಾಡಿದೆ, ಅಮ್ಮ?"

"ಗಟ್ಟಿಯಾಗಿ, ಕೇಳೋ ಹಾಗೆ ಮಾತಾಡಿದೆ."

"ನಾನು ಹೇಳಿದ್ದು ಸರಿ ತಾನೆ?"

"ನಕ್ಷೆ ಚೆನ್ನಾಗಿತ್ತು," ಎಂದಳು ಅಮ್ಮ. ಬ್ಯಾಜರ್ ಫ್ಲ್ಯಾಟಿನವರಿಗೆ ಮಾತು ಕಡಿಮೆ. ಅಮ್ಮನಿಗೆ ಅವರಿಗಿಂತಲೂ ಕಡಿಮೆ.

ಮುಂದಿನ ಸಭೆಯವರೆಗೆ ಮಾರ್ನಿ ಆರು ಮೂವತ್ತೈದಕ್ಕೇ ಬಸ್ಸು ಹತ್ತಿದಳು. ಆ ಹೊತ್ತಿಗೆ ಹೊರಗೆ ಕಗ್ಗತ್ತಲು. ಬಸ್ಸಿನಲ್ಲಿ ಅವಳು ಮತ್ತು ವಾಸ್ ಸರ್, ಇಬ್ಬರೇ.

ವಾಸ್ ಸರ್ ಶಾಲಾ ಜಿಲ್ಲೆಯ ಸೂಪರಿಂಟೆಂಡೆಂಟ್. ಇಡೀ ಜಿಲ್ಲೆಗೆ ದೊಡ್ಡ ಅಧಿಕಾರಿ. ಶಾಲೆ ಒಂದೇ ಇದ್ದುದರಿಂದ ಹೆಡ್‌ಮಾಸ್ಟರೂ ಅವರೇ. ಏಳನೇ ಕ್ಲಾಸಿನ ಗಣಿತದ ಮೇಷ್ಟ್ರೂ ಅವರೇ, ನಾರ್ತ್ ರೋಡ್ ಬಸ್ಸಿನ ಡ್ರೈವರೂ ಅವರೇ. ಬಸ್ಸಿನ ಹೀಟರ್ ಕೆಟ್ಟಾಗ ಡ್ರೈವರ್ ವಾಸ್ ಅವರು ಸೂಪರಿಂಟೆಂಡೆಂಟ್ ವಾಸ್ ಅವರಿಗೆ ಅರ್ಜಿ ಬರೆಯುತ್ತಿದ್ದರು. ಒಂದು ಸಲ ಅರ್ಜಿ ಸರಿಯಾಗಿ ತುಂಬಿಲ್ಲವೆಂದು ವಾಪಸ್ಸೂ ಕಳಿಸಿದ್ದರಂತೆ.

ಹದಿನಾಲ್ಕು ಮೈಲಿ ಮಣ್ಣಿನ ರಸ್ತೆ ಕಳೆದ ಮೇಲೆ ಕೆಸ್ಲರ್ ಮನೆಯ ದೀಪ ಕಾಣುತ್ತಿತ್ತು. ಕ್ಲೈಡ್ ಐದು ವರ್ಷದವನು, ಈ ವರ್ಷವೇ ಕೆ.ಜಿ. ಸೇರಿದವನು. ಬೆನ್ನಿನ ಬ್ಯಾಗು ಅವನಿಗಿಂತ ಅಗಲವಾಗಿತ್ತು. ಇಡೀ ಬಸ್ಸು ಖಾಲಿ ಬಿದ್ದಿದ್ದರೂ ಅವನು ನೇರ ಬಂದು ಮಾರ್ನಿಯ ಪಕ್ಕದಲ್ಲೇ ಕೂರುತ್ತಿದ್ದ.

"ಮಾರ್ನಿ, ಮೀನಿಗೆ ಬಾಯಾರುತ್ತಾ?"

"ಗೊತ್ತಿಲ್ಲ."

"ಮಾರ್ನಿ, ಹಸು ನಿಂತ್ಕೊಂಡೇ ನಿದ್ದೆ ಮಾಡಿದ್ರೆ ಕನಸು ಬೀಳಲ್ವಾ?"

"ಕ್ಲೈಡ್, ನನಗೆ ನಿದ್ದೆ ಬರ್ತಿದೆ."

"ಮಲಗು. ನಾನು ನೋಡ್ಕೊಂಡಿರ್ತೀನಿ," ಎನ್ನುತ್ತಿದ್ದ ಕ್ಲೈಡ್. ನೋಡಿಕೊಂಡಿರುತ್ತಿದ್ದ ಕೂಡ, ಅವಳ ಮುಖವನ್ನೇ, ಒಂದು ಗೇಣು ದೂರದಿಂದ. ಹಾಗೆ ನೋಡಿದರೆ ಯಾರಿಗೆ ನಿದ್ದೆ ಬರುತ್ತದೆ?

ರಸ್ತೆ ಇಳಿಜಾರಾಗಿ ಮರದ ಸೇತುವೆಗೆ ಬರುವಾಗ ಅವನು ಅವಳ ಜಾಕೆಟ್ಟಿನ ತೋಳು ಹಿಡಿದುಕೊಳ್ಳುತ್ತಿದ್ದ. ಸೇತುವೆ ದಾಟಿದ ಕೂಡಲೇ ಬಿಡುತ್ತಿದ್ದ. ಆಮೇಲೆ ಒಂದು ಬೂಟು ಬಿಚ್ಚಿಹೋಗುತ್ತಿತ್ತು. ಮಾರ್ನಿ ಗೊಣಗಿಕೊಂಡು ಲೇಸು ಕಟ್ಟುತ್ತಿದ್ದಳು. ಏಳು ಇಪ್ಪತ್ತಕ್ಕೆ ಬಸ್ಸು ಅವಳ ಮನೆ ದಾಟುತ್ತಿತ್ತು. ಅಡುಗೆಮನೆಯ ದೀಪ, ಅಂಚೆ ಡಬ್ಬಿ, ಬೆಚ್ಚಗೆ ಮಲಗಿದ ನಾಯಿ, ಎಲ್ಲವೂ ಕಾಣುತ್ತಿದ್ದವು. ಆ ನಾಯಿಯ ಮೇಲೆ ಮಾರ್ನಿಗೆ ದಿನಾ ಹೊಟ್ಟೆಕಿಚ್ಚಾಗುತ್ತಿತ್ತು.

ನವೆಂಬರ್ ತಿಂಗಳ ಎರಡನೇ ಮಂಗಳವಾರ ಬಂತು. ಮಾರ್ನಿಯ ವಿಷಯ ನಾಲ್ಕನೆಯದು. ಮೂರನೆಯದು ಕುರ್ಚಿ. ಅದನ್ನು ಮತ್ತೆ ಮುಂದೂಡಿದರು.

"ಈ ಹುಡುಗಿ ಹೆಸರ ಮುಂದೆ ಆರು ಮೂವತ್ತೈದು ಅಂತ ಬರೆದಿದೆ. ಯಾರು ಬರೆದಿದ್ದು?" ಎಂದು ಕೇಳಿದರು ಟಾಲೆಫ್ಸನ್ ತಾತ. ಅವರ ಮುಂದೆ ಬಸ್ಸಿನ ರೂಟ್ ಪಟ್ಟಿ ಇತ್ತು.

"ಡ್ರೈವರ್ ಬರೆದಿದ್ದು," ಎಂದರು ವಾಸ್ ಸರ್.

"ಡ್ರೈವರ್ ಇಲ್ಲಿದ್ದಾರಾ?"

"ಇದ್ದಾರೆ. ನಾನೇ."

"ಯಾಕೆ ಹಾಗೆ ಬರೆದ್ರಿ?"

ವಾಸ್ ಸರ್ ವೆರ್ನಾ ದೊಡ್ಡಮ್ಮನ ಕಡೆ ನೋಡಿದರು. ದೊಡ್ಡಮ್ಮ ಟಾಲೆಫ್ಸನ್ ತಾತನ ಕಡೆ ನೋಡಿದರು. ತಾತ ತಮ್ಮ ಟೋಪಿಯ ಕಡೆ ನೋಡಿದರು.

"ಹಿಂದಿನಿಂದ ಹಾಗೇ ನಡ್ಕೊಂಡು ಬಂದಿದೆ," ಎಂದರು ವಾಸ್ ಸರ್.

"ಅದಕ್ಕೆ ಏನಾದ್ರೂ ರೂಲ್ಸು ಬರೆದಿಟ್ಟಿದ್ದೀವಾ?"

"ಇಲ್ಲ."

"ಬರೆದಿಲ್ಲ ಅಂದ್ರೆ ಬೋರ್ಡು ಅದನ್ನ ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ," ಎಂದರು ತಾತ. ಹೇಳುವಾಗ ಅವರಿಗೇ ಬೇಸರವಾದ ಹಾಗೆ ಕಂಡಿತು.

ಮೊಣಕಾಲುಗಳು ಅತ್ತಿತ್ತ ಆದವು.

"ಮಾರ್ನಿ ಹಾಗನ್," ಎಂದರು ದೊಡ್ಡಮ್ಮ. "ನಿನಗೆ ಬೇಕಾಗಿರೋದು ಇದೇನಾ? ಕ್ಲೈಡ್ ಒಬ್ಬನೇ ಬರ್ತಾನೆ, ನೀನು ಏಳು ಇಪ್ಪತ್ತಕ್ಕೆ ಹತ್ತೋದು?"

"ಹೌದು."

"ಯೋಚನೆ ಮಾಡಿದೀಯಾ?"

"ಒಂದು ತಿಂಗಳಿಂದ."

ಒಬ್ಬರು ಸೂಚಿಸಿದರು, ಇನ್ನೊಬ್ಬರು ಅನುಮೋದಿಸಿದರು. ಐದು ಕೈಗಳು ಮೇಲೆದ್ದವು, ಒಂದಕ್ಕಿಂತ ಒಂದು ನಿಧಾನವಾಗಿ. ಮಾರ್ನಿ ಗೆದ್ದಿದ್ದಳು. ಹತ್ತು ವರ್ಷದ ಹುಡುಗಿ ಬೋರ್ಡಿನ ಮುಂದೆ ಗೆದ್ದದ್ದು ಬ್ಯಾಜರ್ ಫ್ಲ್ಯಾಟಿನಲ್ಲಿ ಅದೇ ಮೊದಲು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಐದನೆಯ ವಿಷಯ, ಹುಡುಗರ ಶೌಚಾಲಯದ ನಲ್ಲಿ, ಶುರುವಾಯಿತು.

ಮುಂದಿನ ಸೋಮವಾರದಿಂದ ಹೊಸ ಟೈಮು.

ಸೋಮವಾರ ಮಾರ್ನಿ ಆರೂವರೆಗೆ ಎಚ್ಚರವಾಗಿ, ಕಂಬಳಿಯೊಳಗೇ ಬಸ್ಸಿನ ಸದ್ದು ಕೇಳಿದಳು. ಬಸ್ಸು ಗೇಟಿನ ಹತ್ತಿರ ಸ್ವಲ್ಪ ನಿಧಾನವಾಯಿತು, ಆಮೇಲೆ ಮುಂದೆ ಹೋಯಿತು. ಆಹಾ! ಅವಳು ಮಗ್ಗುಲು ಬದಲಿಸಿ ಮತ್ತೆ ಮಲಗಿದಳು. ಅಷ್ಟು ಸುಖದ ನಿದ್ದೆ ಅವಳು ಸೆಪ್ಟೆಂಬರ್‌ನಿಂದ ಮಾಡಿರಲಿಲ್ಲ.

ಏಳು ಇಪ್ಪತ್ತಕ್ಕೆ ಬಸ್ಸು ಹತ್ತಿದಾಗ ಕ್ಲೈಡ್ ಡ್ರೈವರ್ ಸೀಟಿನ ಹಿಂದೆಯೇ ಕೂತಿದ್ದ. ಟೋಪಿ ತೆಗೆದಿರಲಿಲ್ಲ, ಬ್ಯಾಗೂ ಇಳಿಸಿರಲಿಲ್ಲ. ಊಟದ ಡಬ್ಬಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದ.

"ನೀನು ಬಸ್ಸಲ್ಲಿ ಇರಲಿಲ್ಲ," ಎಂದ.

"ನನಗೆ ಹೊಸ ಟೈಮು. ಬೋರ್ಡು ಕೊಟ್ಟಿದೆ."

"ನನಗೂ ಹೊಸ ಟೈಮು ಬೇಕು."

"ಅದಕ್ಕೆ ನೀನು ಹೋಗಿ ಮಾತಾಡಬೇಕು, ಮೂರು ನಿಮಿಷ."

ಕ್ಲೈಡ್ ಯೋಚಿಸಿದ. ಆಮೇಲೆ ಶಾಲೆ ಬರುವವರೆಗೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮಾರ್ನಿಗೆ ಕಿವಿ ಖಾಲಿ ಖಾಲಿ ಅನ್ನಿಸಿತು. ಸದ್ಯ, ನಿಶ್ಶಬ್ದವಾಗಿದೆ ಎಂದುಕೊಂಡಳು.

ಮಂಗಳವಾರವೂ ಹಾಗೆಯೇ. ಅವತ್ತು ಅವನ ಎರಡೂ ಬೂಟು ಬಿಚ್ಚಿಹೋಗಿದ್ದವು. ಕಟ್ಟಲು ಹೋದರೆ ಕಾಲು ಹಿಂದಕ್ಕೆ ಎಳೆದುಕೊಂಡ.

ಬುಧವಾರ ಬಸ್ಸು ಖಾಲಿ ಬಂತು.

"ಕ್ಲೈಡ್ ಎಲ್ಲಿ, ಸರ್?"

"ಕೋಳಿಗೂಡಲ್ಲಿ," ಎಂದರು ವಾಸ್ ಸರ್.

"ಯಾಕೆ?"

"ಕೋಳಿಗಳನ್ನ ಕೇಳಿದೆ. ಏನೂ ಹೇಳಲಿಲ್ಲ." ಅವರು ಗೇರು ಬದಲಿಸಿದರು. "ಅವರಮ್ಮ ಹತ್ತು ನಿಮಿಷ ಕರೆದ್ರು. ಇವತ್ತು ಬರಲ್ಲವಂತೆ. ನಾಳೆನೂ ಬರಲ್ಲವಂತೆ. ಕೋಳಿಗಳ ಜೊತೇನೇ ಇರ್ತಾನಂತೆ."

ಬಸ್ಸು ಹೋಗಿ ಬಂದು ಇಪ್ಪತ್ತೆಂಟು ಮೈಲಿ ಓಡಿತ್ತು, ಯಾರನ್ನೂ ತಂದಿರಲಿಲ್ಲ. ಕೆ.ಜಿ. ಕ್ಲಾಸಿನಲ್ಲಿ ಇದ್ದದ್ದೇ ಮೂರು ಮಕ್ಕಳು. ಅವತ್ತು ಇಬ್ಬರು. ಮಾರ್ನಿ ಆ ಕ್ಲಾಸಿನ ಮುಂದೆ ಹಾದುಹೋಗುವಾಗ ಗೋಡೆಯಲ್ಲಿ ಕ್ಲೈಡನ ಕೋಟು ನೇತುಹಾಕುವ ಗೂಟ ಕಂಡಿತು. ಅದರ ಕೆಳಗೆ ಅವನೇ ಅಂಟಿಸಿದ್ದ ಮೀನಿನ ಚಿತ್ರ ಇತ್ತು. ಅವಳು ನೋಡದವಳ ಹಾಗೆ ಹೋದಳು. ಊಟದ ಹೊತ್ತಿಗೆ ಮತ್ತೆ ಹೋಗಿ ನೋಡಿದಳು.

ಶಾಲೆ ಬಿಟ್ಟಾಗ ಶೆಲ್ಬಿ ರಾಂಡ್ ತನ್ನ ಹಳೆಯ ಪಿಕಪ್ಪಿನ ಗಾಜಿಗೆ ಕಟ್ಟಿದ್ದ ಹಿಮ ಕೆರೆಯುತ್ತಿದ್ದಳು. ಅವಳು ಹನ್ನೊಂದನೇ ಕ್ಲಾಸಿನವಳು. ಬಾಸ್ಕೆಟ್‌ಬಾಲ್ ಟೀಮಿನಲ್ಲಿದ್ದಳು. ಟೀಮಿಗೆ ಐದು ಹುಡುಗಿಯರು ಬೇಕಿತ್ತು. ದೊಡ್ಡ ಕ್ಲಾಸುಗಳಲ್ಲಿ ಇದ್ದದ್ದೂ ಐದೇ, ಹಾಗಾಗಿ ಯಾರೂ ಹುಷಾರು ತಪ್ಪುವಂತಿರಲಿಲ್ಲ.

"ಏನೇ, ಬೋರ್ಡನ್ನೇ ಸೋಲಿಸಿದೆಯಂತೆ?" ಎಂದಳು ಶೆಲ್ಬಿ.

"ಹೂಂ."

"ಕ್ಲೈಡ್ ಕೋಳಿಗೂಡು ಸೇರಿದ್ದಾನಂತೆ?"

"ಅವನಿಗೆ ಹುಚ್ಚು."

"ನೀನೂ ಹಂಗೇ ಮಾಡಿದ್ದೆ. ನಿಮ್ಮ ಟ್ರ್ಯಾಕ್ಟರ್ ಅಡಿಗೆ ನುಗ್ಗಿ ಕೂತಿದ್ದೆ. ಆಗ ನನಗೆ ಜ್ವರ ಬಂದು ನಾನು ಎರಡು ದಿನ ಬಸ್ಸಲ್ಲಿರಲಿಲ್ಲ."

ಮಾರ್ನಿಗೆ ಟ್ರ್ಯಾಕ್ಟರ್ ನೆನಪಿರಲಿಲ್ಲ. ಬಸ್ಸಿನಲ್ಲಿ ಶೆಲ್ಬಿ ಇರುತ್ತಿದ್ದದ್ದು ಮಾತ್ರ ಚೆನ್ನಾಗಿ ನೆನಪಿತ್ತು. ಕೆ.ಜಿ.ಯಲ್ಲಿದ್ದಾಗ ಬಸ್ಸಿನ ಬಾಗಿಲು ತೆರೆದರೆ ಒಳಗೆ ಶೆಲ್ಬಿ ಆಗಲೇ ಕೂತಿರುತ್ತಿದ್ದಳು, ಕೆಂಪು ಸ್ವೆಟರ್ ಹಾಕಿಕೊಂಡು. ಒಂದು ದಿನವೂ ತಪ್ಪಿದ ನೆನಪಿಲ್ಲ.

"ಆಗ ನಿಮ್ಮ ಮನೆ ನಮಗಿಂತ ಮುಂದೆ ಇತ್ತು ಅಲ್ವಾ? ಗುಡ್ಡದ ಆ ಕಡೆ?"

ಶೆಲ್ಬಿ ಹಿಮ ಕೆರೆಯುವುದನ್ನು ನಿಲ್ಲಿಸಿದಳು.

"ನಮ್ಮನೆ ಯಾವತ್ತೂ ಎಂಟನೇ ಮೈಲಿಯಲ್ಲೇ ಇರೋದು. ಮನೆಗೇನು ಚಕ್ರ ಇದ್ಯಾ?"

ಮಾರ್ನಿ ಮನಸ್ಸಿನಲ್ಲೇ ನಕ್ಷೆ ಬಿಡಿಸಿದಳು. ಊರು, ಎಂಟನೇ ಮೈಲಿ, ಹತ್ತೊಂಬತ್ತನೇ ಮೈಲಿ. ಬಸ್ಸು ಊರಿನಿಂದ ಹೊರಡುತ್ತದೆ. ಮೊದಲು ಶೆಲ್ಬಿಯ ಮನೆ, ಆಮೇಲೆ ಮಾರ್ನಿಯ ಮನೆ. ಅಲ್ಲಿ ತಿರುಗಿಕೊಂಡು ಮತ್ತೆ ಶೆಲ್ಬಿಯ ಮನೆ, ಆಮೇಲೆ ಶಾಲೆ.

"ನಿಮ್ಮ ಗೇಟಿಗೂ ಎರಡು ಸಲ ಬರ್ತಿತ್ತು," ಎಂದಳು ನಿಧಾನವಾಗಿ.

"ಎರಡು ಸಲ."

"ನೀನು ಮೊದಲನೇ ಸಲ ಹತ್ತುತ್ತಿದ್ದೆ."

"ಎರಡು ವರ್ಷ."

"ಯಾಕೆ ಅಂತ ನಿನಗೆ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ಪಟ್ಟೀಲಿ ಟೈಮು ಬದಲಾಯ್ತು ಅಷ್ಟೆ. ನಾನೂ ನಿನ್ನ ಹಾಗೇ ಬೈಕೊಂಡು ಬೈಕೊಂಡು ಹತ್ತುತ್ತಿದ್ದೆ. ಆಮೇಲೆ ಆ ಹಿಮ ಬಿದ್ದ ದಿನ ಬಂತಲ್ಲ."

ಆ ದಿನ ಮಾರ್ನಿಗೆ ಚೆನ್ನಾಗಿ ನೆನಪಿತ್ತು! ಬಸ್ಸು ಹಳ್ಳದಲ್ಲಿ ಹಿಮಕ್ಕೆ ಸಿಕ್ಕಿಕೊಂಡಿತ್ತು. ಬೆಳಿಗ್ಗೆ ಎಂಟು ಗಂಟೆಗೇ ಇಬ್ಬರೂ ಊಟದ ಡಬ್ಬಿ ಬಿಚ್ಚಿ ತಿಂದಿದ್ದರು. ಮಂಜು ಹಿಡಿದ ಕಿಟಕಿಗಳ ಮೇಲೆಲ್ಲ ಬೆರಳಿನಿಂದ ಮುಖಗಳನ್ನು ಬರೆದಿದ್ದರು. ಶೆಲ್ಬಿ ಕಪ್ಪೆಯ ಹಾಡು ಹೇಳಿಕೊಟ್ಟಿದ್ದಳು. ಬಸ್ಸಿನ ದಿನಗಳಲ್ಲೆಲ್ಲ ಮಾರ್ನಿಗೆ ತುಂಬಾ ಖುಷಿ ಕೊಟ್ಟ ದಿನ ಅದು.

"ಎಷ್ಟು ಮಜಾ ಇತ್ತು ಅವತ್ತು!"

"ನಿನಗೆ ಮಜಾ. ನನಗೆ ಸಿಕ್ಕಾಪಟ್ಟೆ ಹೆದರಿಕೆ ಆಗಿತ್ತು," ಎಂದಳು ಶೆಲ್ಬಿ. "ವಾಸ್ ಸರ್ ಹೊರಗೆ ಸಲಿಕೆ ಹಿಡ್ಕೊಂಡು ಹಿಮ ಅಗೀತಿದ್ರು. ಒಂದೂವರೆ ಗಂಟೆ. ಕಿಟಕೀಲಿ ಅವರು ಕಾಣ್ತಾನೇ ಇರಲಿಲ್ಲ, ಬರೀ ಬಿಳಿ. ನಾನು ಆಗ ಆರನೇ ಕ್ಲಾಸು."

"ಮತ್ತೆ ಹಾಡು ಹೇಳ್ತಿದ್ದೆ?"

"ಇನ್ನೇನು ಮಾಡ್ಲಿ? ನೀನು ನನ್ನ ಮುಖಾನೇ ನೋಡ್ತಿದ್ದೆ."

ಮಾರ್ನಿಗೆ ತುಂಬಾ ನಾಚಿಕೆಯಾಯಿತು. ಕಿವಿ ಬಿಸಿಯಾಯಿತು. ಆಮೇಲೆ ಸಿಟ್ಟೂ ಬಂತು.

"ಹಾಗಿದ್ರೆ ಮೀಟಿಂಗಲ್ಲಿ ಒಬ್ಬರಾದ್ರೂ ಹೇಳಬಹುದಿತ್ತು! ಅಮ್ಮನಿಗೂ ಗೊತ್ತಿತ್ತಾ? ದೊಡ್ಡಮ್ಮನಿಗೂ?"

"ಎಲ್ಲರಿಗೂ ಗೊತ್ತು. ಅವರೂ ಯಾರೋ ಚಿಕ್ಕವರಿಗೋಸ್ಕರ ಬೇಗ ಹತ್ತಿದವರೇ. ಆದ್ರೆ ಹೇಳಿದ್ರೆ ಬರೀಬೇಕಾಗುತ್ತೆ. ಬರೆದ್ರೆ ಅದಕ್ಕೊಂದು ಫಾರಂ ಬರುತ್ತೆ. ಆಮೇಲೆ ನೀನು ಬೇಡ ಅನ್ನೋ ಹಾಗಿಲ್ಲ, ಇಷ್ಟ ಇರಲಿ ಬಿಡಲಿ ಸಹಿ ಹಾಕಿ ಹೋಗ್ಬೇಕು." ಶೆಲ್ಬಿ ಪಿಕಪ್ಪಿನ ಬಾಗಿಲು ತೆರೆದಳು. ಅದು ಎರಡನೇ ಒದೆತಕ್ಕೆ ತೆರೆಯಿತು. "ಸರಿ, ನನಗೆ ಪ್ರಾಕ್ಟೀಸ್ ಇದೆ. ನಾನಿಲ್ಲ ಅಂದ್ರೆ ಟೀಮೇ ಇಲ್ಲ."

ಅವತ್ತು ಊಟ ಮಾಡುವಾಗ ಮಾರ್ನಿ ಅಮ್ಮನನ್ನು ಏನೂ ಕೇಳಲಿಲ್ಲ. ಮಾರ್ನಿ ಅಲಾರಂ ತಿರುಗಿಸುವುದನ್ನು ಮಾತ್ರ ಅಮ್ಮ ನೋಡಿದಳು. ನೋಡಿ, ಅವಳ ದಪ್ಪ ಕಾಲುಚೀಲಗಳನ್ನು ಹೀಟರಿನ ಮೇಲೆ ಒಣಗಲು ಹಾಕಿದಳು.

ಗುರುವಾರ ಆರೂವರೆಗೆ ಮಾರ್ನಿ ಟಾರ್ಚು ಹಿಡಿದು ಗೇಟಿನಲ್ಲಿ ನಿಂತಿದ್ದಳು. ಮೂಗಿನ ತುದಿ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ದೂರದಲ್ಲಿ ಎರಡು ಹಳದಿ ದೀಪಗಳು ಕಂಡವು. ಬಸ್ಸು ಹತ್ತಿರ ಬಂದು, ನಿಧಾನವಾಗಿ, ನಿಂತಿತು. ಬಾಗಿಲು ತೆರೆಯಿತು.

"ಏನು?" ಎಂದರು ವಾಸ್ ಸರ್.

"ಹತ್ತಬೇಕು, ಸರ್."

"ನಿನ್ನ ಟೈಮು ಏಳು ಇಪ್ಪತ್ತು. ಬೋರ್ಡು ತೀರ್ಮಾನ ಮಾಡಿದೆ. ಐದಕ್ಕೆ ಐದು ಓಟು."

"ಗೊತ್ತು. ಆ ಹೊಸ ಟೈಮು ಬೇಡ ಅಂತ ಹೇಳಬೇಕು ಅಂದ್ರೆ?"

"ಡಿಸೆಂಬರ್, ಎರಡನೇ ಮಂಗಳವಾರ. ಹೆಸರು, ವಿಳಾಸ, ಮೂರು ನಿಮಿಷ. ಜನವರಿಯಲ್ಲಿ ಓಟು."

"ಅಲ್ಲಿವರೆಗೆ?"

ವಾಸ್ ಸರ್ ಸ್ಟೀರಿಂಗ್ ಮೇಲೆ ಬೆರಳು ಬಡಿದರು. ಅವರು ನಿಯಮ ಮುರಿಯುವವರಲ್ಲ. ಅವರ ಬಗ್ಗೆ ಇಡೀ ಜಿಲ್ಲೆಗೆ ಗೊತ್ತಿದ್ದದ್ದು ಅದೊಂದೇ.

"ಅಲ್ಲಿವರೆಗೆ ಈ ಟೈಮಲ್ಲಿ ನಿನ್ನನ್ನ ಹತ್ತಿಸಿಕೊಳ್ಳೋಕೆ ಡ್ರೈವರಿಗೆ ಅಧಿಕಾರ ಇಲ್ಲ," ಎಂದರು. ಆಮೇಲೆ ಎದ್ದು, ಕೋಟು ಏರಿಸಿಕೊಂಡರು. "ಹಿಂದಿನ ಟೈರು ಒಂಚೂರು ಗಾಳಿ ಕಡಿಮೆ ಇದ್ದ ಹಾಗಿದೆ. ಇಳಿದು ನೋಡ್ಬೇಕು. ಒಂದು ನಿಮಿಷ ಆಗುತ್ತೆ. ಅಲ್ಲಿಂದ ಈ ಬಾಗಿಲು ಕಾಣಲ್ಲ."

ಅವರು ಇಳಿದು ಹಿಂದಕ್ಕೆ ಹೋದರು. ಟೈರಿಗೆ ಎರಡು ಸಲ ಒದ್ದ ಸದ್ದು ಕೇಳಿಸಿತು. ಮತ್ತೆ ಬಂದು ಕೂತು, ಕನ್ನಡಿಯನ್ನು ನೋಡದೆ ಬಸ್ಸು ಹೊರಡಿಸಿದರು.

ಕೆಸ್ಲರ್ ಮನೆಯ ಮುಂದೆ ಕ್ಲೈಡನ ಅಮ್ಮ ಒಬ್ಬರೇ ನಿಂತಿದ್ದರು. ಕೈಯಲ್ಲಿ ಊಟದ ಡಬ್ಬಿ ಇತ್ತು. ಬಸ್ಸು ನಿಂತಾಗ ತಲೆ ಅಡ್ಡ ಆಡಿಸಿ, ಹಿಂದಿನ ಕೋಳಿಗೂಡಿನ ಕಡೆ ಕೈ ತೋರಿಸಿದರು.

ಮಾರ್ನಿ ಇಳಿದು ಹೋದಳು. ಗೂಡಿನ ಬಾಗಿಲು ಅವಳ ಸೊಂಟದೆತ್ತರ ಇತ್ತು. ಒಳಗೆ ಬೆಚ್ಚಗೆ, ಕತ್ತಲೆ, ಗಬ್ಬು ವಾಸನೆ.

"ಕ್ಲೈಡ್, ಬಸ್ಸು ಬಂದಿದೆ."

"ನಾನು ಬರಲ್ಲ."

"ಸರಿ."

ಮಾರ್ನಿ ಬಾಗಿಲ ಮುಂದೆಯೇ ಕುಕ್ಕರಗಾಲಲ್ಲಿ ಕೂತಳು.

"ಬಸ್ಸಲ್ಲಿ ಯಾರಿದ್ದಾರೆ?" ಎಂದಿತು ಕತ್ತಲೆ.

"ವಾಸ್ ಸರ್."

"ಇನ್ಯಾರು?"

"ನಾನು ಇದ್ದೆ. ಈಗ ಇಲ್ಲಿದೀನಿ."

ಮೊದಲು ಒಂದು ಕಂದು ಕೋಳಿ ಹೊರಗೆ ಬಂತು. ಅದರ ಹಿಂದೆ ಕ್ಲೈಡ್ ತೆವಳಿಕೊಂಡು ಬಂದ. ಟೋಪಿಯ ಮೇಲೆ ಹುಲ್ಲಿತ್ತು. ಅವನು ಮಾರ್ನಿಯನ್ನು ಮೇಲಿಂದ ಕೆಳಗೆ ನೋಡಿ, ಬಸ್ಸಿನ ಕಡೆ ನಡೆದ. ಅವರಮ್ಮ ಡಬ್ಬಿ ಕೊಟ್ಟು, ಮಾರ್ನಿಯ ಭುಜವನ್ನು ಒಂದು ಸಲ ಒತ್ತಿದರು.

ಬಸ್ಸು ತಿರುಗಿತು. ಸೇತುವೆಯ ಇಳಿಜಾರು ಬಂದಾಗ ಕ್ಲೈಡ್ ಅವಳ ಜಾಕೆಟ್ಟಿನ ತೋಳು ಹಿಡಿದುಕೊಂಡ. ಹಿಡಿತ ಎಷ್ಟು ಬಿಗಿಯಾಗಿತ್ತೆಂದು ಮಾರ್ನಿ ಮೊದಲ ಸಲ ಗಮನಿಸಿದಳು. ಸೇತುವೆ ದಾಟಿತು. ಅವತ್ತು ಅವನು ಬಿಡಲಿಲ್ಲ.

"ಮಾರ್ನಿ, ನಿಮ್ಮನೆ ಆ ಕಡೆ ಇರೋದು," ಎಂದ ಕ್ಲೈಡ್. "ಮತ್ತೆ ಈ ಕಡೆ ಯಾಕೆ ಬಂದೆ?"

ಕನ್ನಡಿಯಲ್ಲಿ ವಾಸ್ ಸರ್ ಕಣ್ಣುಗಳು ಒಂದು ಕ್ಷಣ ಮೇಲೆದ್ದವು. ಮಾರ್ನಿಗೆ ಹೇಳಲು ಬೇಕಾದಷ್ಟು ಇತ್ತು. ಶೆಲ್ಬಿಯ ಕೆಂಪು ಸ್ವೆಟರಿನ ವಿಷಯ ಹೇಳಬಹುದಿತ್ತು. ಕಿಟಕಿಯ ತುಂಬಾ ಇದ್ದ ಬಿಳಿಯ ವಿಷಯ ಹೇಳಬಹುದಿತ್ತು. ಎಲ್ಲ ಬಾಯಿಯವರೆಗೆ ಬಂತು.

"ಗಡಿಯಾರ ತಪ್ಪು ನೋಡಿದೆ," ಎಂದಳು.

"ನಾಳೆನೂ ತಪ್ಪು ನೋಡ್ತೀಯಾ?"

"ನೋಡ್ತೀನಿ ಅನ್ಸುತ್ತೆ."

"ಅಷ್ಟು ದೊಡ್ಡವಳಾಗಿ ನಿನಗೆ ಗಡಿಯಾರ ನೋಡೋಕೆ ಬರಲ್ವಾ?"

"ಬರಲ್ಲ."

"ದಡ್ಡಿ," ಎಂದ ಕ್ಲೈಡ್. ಅವನಿಗೆ ಅವಳ ಮೇಲೆ ಕನಿಕರ ಹುಟ್ಟಿತ್ತು. "ನಾನು ಹೇಳ್ಕೊಡ್ತೀನಿ. ಅಳಬೇಡ. ಒಂದು ಸಣ್ಣ ಮುಳ್ಳು ಇರುತ್ತೆ, ಒಂದು ದೊಡ್ಡ ಮುಳ್ಳು ಇರುತ್ತೆ. ದೊಡ್ಡ ಮುಳ್ಳು ಮೇಲೆ ಹನ್ನೆರಡರಲ್ಲಿ ಇದ್ರೆ ಕರೆಕ್ಟಾಗಿ ಗಂಟೆ ಆಯ್ತು ಅಂತ."

"ಹೂಂ."

"ಕೆಳಗೆ ಆರರಲ್ಲಿ ಇದ್ರೆ ಅರ್ಧ ಗಂಟೆ."

ಹೊರಗೆ ಬೆಳಕು ಹರಿಯುತ್ತಿತ್ತು. ಹತ್ತೊಂಬತ್ತನೇ ಮೈಲಿಯ ಗೇಟು, ಅಂಚೆ ಡಬ್ಬಿ, ಅಡುಗೆಮನೆಯ ದೀಪ ಬಂದವು. ಕಿಟಕಿಯಲ್ಲಿ ಅಮ್ಮ ಕಾಫಿ ಹಿಡಿದು ನಿಂತಿದ್ದಳು. ಬಸ್ಸು ನಿಲ್ಲದೆ ಹಾದುಹೋಯಿತು. ವಾಸ್ ಸರ್ ತಲೆಯ ಮೇಲಿದ್ದ ಬಸ್ಸಿನ ಗಡಿಯಾರದಲ್ಲಿ ಸರಿಯಾಗಿ ಏಳು ಇಪ್ಪತ್ತಾಗಿತ್ತು.

"ದೊಡ್ಡ ಮುಳ್ಳು ನಾಲ್ಕರಲ್ಲಿ ಇದ್ರೆ?" ಎಂದು ಕೇಳಿದಳು ಮಾರ್ನಿ.

ಕ್ಲೈಡ್ ಆ ಗಡಿಯಾರವನ್ನು ಬಹಳ ಹೊತ್ತು ನೋಡಿದ.

"ಅದು ನಾನಿನ್ನೂ ಕಲಿತಿಲ್ಲ," ಎಂದ.

"ನಾನೂ ಕಲಿತಿಲ್ಲ," ಎಂದಳು ಮಾರ್ನಿ. ಆಮೇಲೆ ಬಗ್ಗಿ ಅವನ ಬೂಟಿನ ಲೇಸು ಕಟ್ಟಿದಳು.